ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಪ್ರಯೋಗಾಲಯದ ಟೆಕ್ನಿಷಿಯನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಸೇರಬೇಕೆಂದಿರುವವರು, ಈಗಷ್ಟೇ ಸೇರಿದವರು ಮತ್ತು ಹಲವು ವರ್ಷ ಕಳೆದವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುರಕ್ಷತೆಯ ವಿಷಯದಲ್ಲಿ ನಿಮ್ಮ ಶಾಲೆಗೆ ಅನ್ವಯಿಸುವ ನಿಯಮಗಳು ಇಲ್ಲಿ ಹೇಳಿದ್ದಕ್ಕಿಂತ ಬಿಗಿಯಾಗಿದ್ದರೆ ಅವುಗಳನ್ನೇ ಪಾಲಿಸಬೇಕು.

## ಕೆಲಸದ ಪರಿಚಯ

ಲ್ಯಾಬ್ ಟೆಕ್ನಿಷಿಯನ್ ಎಂದರೆ ಕೊನೆಗೂ ಗಾಜಿನ ಸಾಮಾನು ತೊಳೆದಿಡುವ ಕೆಲಸ ತಾನೇ?

ತೊಳೆಯುವುದೂ ಕೆಲಸದ ಒಂದು ಭಾಗ, ಅದನ್ನು ಕೀಳೆಂದು ನಾನು ಎಣಿಸುವುದಿಲ್ಲ. ಕೊಳೆಯಾದ ಪ್ರನಾಳ ಸುಳ್ಳು ಫಲಿತಾಂಶ ಕೊಡುತ್ತದೆ. ಆದರೆ ದ್ರಾವಣ ತಯಾರಿಸುವುದು, ಪ್ರಯೋಗವನ್ನು ಮುಂಚಿತವಾಗಿ ಮಾಡಿ ನೋಡುವುದು, ಉಪಕರಣ ದುರಸ್ತಿ ಮಾಡುವುದು, ರಾಸಾಯನಿಕಗಳ ದಾಸ್ತಾನು ಪುಸ್ತಕ ಬರೆಯುವುದು, ತರಗತಿ ನಡೆಯುವಾಗ ಶಿಕ್ಷಕರ ಕಣ್ಣು ತಲುಪದ ಮೂಲೆಯಲ್ಲಿ ನಿಂತು ನೋಡಿಕೊಳ್ಳುವುದು, ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡುವುದು ಇವೆಲ್ಲ ನಮ್ಮ ಪಾಲಿನವು. ಪಾಠ ಶಿಕ್ಷಕರದು, ಆ ಪಾಠ ವಿದ್ಯಾರ್ಥಿನಿಯ ಕೈಯಲ್ಲಿ ನಿಜವಾಗಿ ನಡೆಯುವಂತೆ ಮಾಡುವುದು ನಮ್ಮದು. ಪ್ರತಿ ಪ್ರಯೋಗಾಲಯದಲ್ಲೂ ಉರಿಯುವ ಬನ್ಸೆನ್ ಬರ್ನರಿಗೆ ರಸಾಯನವಿಜ್ಞಾನಿ ರಾಬರ್ಟ್ ಬನ್ಸೆನ್ ಅವರ ಹೆಸರಿದೆ. ಆದರೆ 1855ರ ಸುಮಾರಿಗೆ ಅದನ್ನು ರೂಪಿಸಿ ಮಾಡಿಕೊಟ್ಟವರು ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಉಪಕರಣ ತಯಾರಕ ಪೀಟರ್ ಡೆಸಾಗ. ನಮ್ಮ ವೃತ್ತಿಯವರ ಹೆಸರು ಉಪಕರಣದ ಮೇಲೆ ಇರುವುದಿಲ್ಲ, ಅಷ್ಟೇ.

ನಾನು ಓದಿದ್ದು ರಸಾಯನವಿಜ್ಞಾನ ಮಾತ್ರ. ಭೌತ, ಜೀವ ವಿಜ್ಞಾನಗಳೂ ಬರಲೇಬೇಕೇ?

ಪ್ರೌಢಶಾಲೆಯ ಮಟ್ಟದಲ್ಲಿ ಮೂರೂ ಬೇಕಾಗುತ್ತವೆ, ಆದರೆ ಮೂರನ್ನೂ ಆಳವಾಗಿ ಓದಿರಬೇಕಾಗಿಲ್ಲ. ರಸಾಯನವಿಜ್ಞಾನದಿಂದ ಬಂದವರಿಗೆ ಅನುಕೂಲ ಹೆಚ್ಚು, ಏಕೆಂದರೆ ಅಪಾಯದ ಬಹುಪಾಲು ಇರುವುದು ಅಲ್ಲಿಯೇ. ಭೌತವಿಜ್ಞಾನದಲ್ಲಿ ಮೊದಲ ವರ್ಷ ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸುವುದು, ಸುಟ್ಟ ಫ್ಯೂಸ್ ಹುಡುಕುವುದು, ಸಡಿಲವಾದ ತಂತಿಯನ್ನು ಬೆಸೆಯುವುದು, ದಂಡಕಾಂತಗಳನ್ನು ವಿರುದ್ಧ ಧ್ರುವಗಳು ಅಕ್ಕಪಕ್ಕ ಬರುವಂತೆ ಜೋಡಿಯಾಗಿಟ್ಟು ತುದಿಗಳಿಗೆ ಮೆದುಕಬ್ಬಿಣದ ತುಂಡು ಹಾಕುವುದು ಇಷ್ಟು ಕಲಿತರೆ ಸಾಕು. ಜೀವವಿಜ್ಞಾನದಲ್ಲಿ ಸೂಕ್ಷ್ಮದರ್ಶಕ ಮತ್ತು ಸ್ಲೈಡು ತಯಾರಿಕೆ ಕೈಗೆ ಬಂದರೆ ಉಳಿದದ್ದು ನಿಧಾನವಾಗಿ ಬರುತ್ತದೆ.

ಹೆಣ್ಣುಮಕ್ಕಳ ಶಾಲೆಯಾದರೆ ಕೆಲಸದಲ್ಲಿ ಏನಾದರೂ ವ್ಯತ್ಯಾಸವಿದೆಯೇ? ಆಮ್ಲ ಆಮ್ಲವೇ ಅಲ್ಲವೇ?

ಆಮ್ಲ ಆಮ್ಲವೇ. ವ್ಯತ್ಯಾಸ ಇರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ, ಆದರೆ ಅವು ಒಟ್ಟಾದರೆ ದೊಡ್ಡವು.

ಮೊದಲನೆಯದು ಅಳತೆ. ದೊಡ್ಡವರ ಅಳತೆಯ ರಕ್ಷಣಾ ಕನ್ನಡಕ ಹದಿಮೂರು ವರ್ಷದ ಹುಡುಗಿಯ ಮುಖದಲ್ಲಿ ಮೂಗಿನಿಂದ ಜಾರುತ್ತದೆ, ಜಾರಿದ್ದನ್ನು ಅವಳು ಹಣೆಯ ಮೇಲೆ ಏರಿಸಿಕೊಳ್ಳುತ್ತಾಳೆ, ಅಲ್ಲಿಗೆ ಕನ್ನಡಕ ಇದ್ದೂ ಇಲ್ಲದಂತೆ. ದೊಗಲೆ ಕೈಗವಸು ಹಾಕಿಕೊಂಡು ಪ್ರನಾಳ ಹಿಡಿದರೆ ಅದು ಬೀಳುತ್ತದೆ, ಉದ್ದ ತೋಳಿನ ಕೋಟು ಬರ್ನರಿನ ಮೇಲೆ ಹಾಯುತ್ತದೆ. ಆದ್ದರಿಂದ ಬೇಡಿಕೆ ಪಟ್ಟಿಯಲ್ಲಿ ಸಣ್ಣ ಮತ್ತು ಮಧ್ಯಮ ಅಳತೆಗಳನ್ನು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಬರುವುದು ದೊಡ್ಡದೇ. ಬ್ಯೂರೆಟ್ (ದ್ರಾವಣವನ್ನು ಅಳೆದು ಬಿಡುವ, ಕೆಳಗೆ ನಲ್ಲಿಯಿರುವ ಉದ್ದ ಗಾಜಿನ ಕೊಳವೆ) ತುಂಬಲು ಸ್ಟೂಲು ಹತ್ತುವ ಹುಡುಗಿಯರನ್ನು ಕಂಡರೆ ಕೂಡಲೇ ತಡೆದು, ಸ್ಟ್ಯಾಂಡನ್ನೇ ಕೆಳಗಿಳಿಸಿ ಕಣ್ಣಿನ ಮಟ್ಟಕ್ಕಿಂತ ತಗ್ಗಿನಲ್ಲಿ ತುಂಬುವುದನ್ನು ಕಲಿಸಬೇಕು.

ಎರಡನೆಯದು ಉಪಕರಣ ಯಾರ ಕೈಯಲ್ಲಿದೆ ಎಂಬುದು. ಹುಡುಗ ಹುಡುಗಿಯರು ಸೇರಿದ ಗುಂಪಿನಲ್ಲಿ ಹುಡುಗ ಉಪಕರಣ ಹಿಡಿದು ಹುಡುಗಿ ಅಳತೆ ಬರೆದುಕೊಳ್ಳುವ ದೃಶ್ಯ ಹಲವರಿಗೆ ಪರಿಚಿತ. ಹುಡುಗಿಯರೇ ಇರುವಲ್ಲಿ ಈ ತೊಂದರೆ ತಾನಾಗಿಯೇ ಇಲ್ಲವಾಗುತ್ತದೆ ಎಂದು ನಾನೂ ಮೊದಲು ನಂಬಿದ್ದೆ. ಹಾಗಾಗುವುದಿಲ್ಲ. ಧೈರ್ಯದವಳು ಉಪಕರಣ ಹಿಡಿಯುತ್ತಾಳೆ, ಅಕ್ಷರ ಚೆನ್ನಾಗಿರುವವಳು ಬರೆಯುತ್ತಾಳೆ, ಉಳಿದ ಮೂವರು ನೋಡುತ್ತಾರೆ. ಇದನ್ನು ಬದಲಿಸುವ ಸಾಧನ ಶಿಕ್ಷಕರಿಗಿಂತ ಹೆಚ್ಚಾಗಿ ಟೆಕ್ನಿಷಿಯನ್ ಕೈಯಲ್ಲಿದೆ: ಐವರಿಗೆ ಒಂದು ಸೆಟ್ಟಿನ ಬದಲು ಇಬ್ಬರಿಗೆ ಒಂದು ಸೆಟ್ ಇಟ್ಟರೆ ನೋಡುತ್ತಾ ನಿಲ್ಲಲು ಯಾರೂ ಉಳಿಯುವುದಿಲ್ಲ.

ಮೂರನೆಯದು ಅವಘಡದ ಹೊತ್ತಿನ ಮರ್ಯಾದೆಯ ಪ್ರಶ್ನೆ; ಅದಕ್ಕೆ ಸುರಕ್ಷತೆಯ ಭಾಗದಲ್ಲಿ ಬೇರೆಯಾಗಿಯೇ ಉತ್ತರಿಸಿದ್ದೇನೆ.

ನಾನು ಗಂಡಸು. ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಕೆಲಸ ಮಾಡಬಹುದೇ, ಮುಜುಗರವಾಗುವುದಿಲ್ಲವೇ?

ಶಾಲೆಯ ನಿಯಮ ಒಪ್ಪುವುದಾದರೆ ಧಾರಾಳವಾಗಿ ಮಾಡಬಹುದು. ತಯಾರಿ ಕೋಣೆಯೊಳಗೆ ವಿದ್ಯಾರ್ಥಿನಿಯರನ್ನು ಬಿಟ್ಟುಕೊಳ್ಳಬೇಡಿ. ಏನು ಬೇಕಿದ್ದರೂ ಬಾಗಿಲಲ್ಲೇ ಕೊಡಿ. ಒಬ್ಬಳೇ ವಿದ್ಯಾರ್ಥಿನಿ ಉಳಿದ ಕೆಲಸ ಮುಗಿಸುತ್ತಿದ್ದರೆ ಬಾಗಿಲು ತೆರೆದಿರಲಿ, ಶಿಕ್ಷಕಿಯೊಬ್ಬರು ಇರಲಿ. ಕೈ ಹಿಡಿದು ತೋರಿಸುವ ಬದಲು ಪಕ್ಕದಲ್ಲಿ ಇನ್ನೊಂದು ಸೆಟ್ ಇಟ್ಟುಕೊಂಡು ಮಾಡಿ ತೋರಿಸಿ. ಕಲಿಸುವ ಕ್ರಮವಾಗಿಯೂ ಇದೇ ಮೇಲು, ಹಾಗಾಗಿ ಮಹಿಳಾ ಟೆಕ್ನಿಷಿಯನ್ನರಿಗೂ ನಾನು ಇದನ್ನೇ ಹೇಳುತ್ತೇನೆ.

## ದಿನನಿತ್ಯದ ತಯಾರಿ

ಶಿಕ್ಷಕರು ಬೆಳಿಗ್ಗೆ ಬಂದು ‘ಎರಡನೇ ಪೀರಿಯಡ್‌ಗೆ ಪ್ರಯೋಗ ಬೇಕು’ ಎನ್ನುತ್ತಾರೆ. ಇಲ್ಲವೆನ್ನುವುದು ಹೇಗೆ?

ಇಲ್ಲವೆನ್ನುವ ಮೊದಲು ಬೇಡಿಕೆ ಚೀಟಿಯ ಪದ್ಧತಿ ತನ್ನಿ. ದಿನಾಂಕ, ತರಗತಿ, ವಿದ್ಯಾರ್ಥಿನಿಯರ ಸಂಖ್ಯೆ, ಎಷ್ಟು ಗುಂಪು, ಯಾವ ಪ್ರಯೋಗ ಎಂಬ ಐದು ಅಂಶಗಳ ಚೀಟಿಯನ್ನು ಕನಿಷ್ಠ ಮೂರು ಕೆಲಸದ ದಿನಗಳ ಮುಂಚೆ ಕೊಡುವಂತೆ ಮುಖ್ಯೋಪಾಧ್ಯಾಯರ ಮೂಲಕ ಒಪ್ಪಿಸಿ. ಅಷ್ಟಾದರೂ ಹಠಾತ್ ಬೇಡಿಕೆ ಬಂದೇ ಬರುತ್ತದೆ. ಅದಕ್ಕಾಗಿ ಹೆಚ್ಚು ತಯಾರಿ ಬೇಡದ ನಾಲ್ಕೈದು ಪ್ರಯೋಗಗಳನ್ನು ಟ್ರೇಗಳಲ್ಲಿ ಸಿದ್ಧವಾಗಿಟ್ಟಿರಿ: ಮಸೂರದ ಸಂಗಮದೂರ ಕಂಡುಹಿಡಿಯುವುದು, ಲೋಲಕದ ಆಂದೋಲನ, ಸೂಚಕಗಳ ಬಣ್ಣ, ಸಿದ್ಧ ಸ್ಲೈಡುಗಳ ವೀಕ್ಷಣೆ. ಸಾರೀಕೃತ (ಗಾಢ) ಆಮ್ಲ ಬೇಕಾಗುವ ಅಥವಾ ನೀವು ಒಮ್ಮೆಯೂ ಮಾಡಿ ನೋಡದ ಪ್ರಯೋಗವನ್ನು ಮಾತ್ರ ಒಂದು ಗಂಟೆಯ ಸೂಚನೆಯ ಮೇಲೆ ಎಂದೂ ಕೊಡಬೇಡಿ. ನಾನು ಈ ವಿಷಯದಲ್ಲಿ ಹಲವರ ಅಸಮಾಧಾನ ಕಟ್ಟಿಕೊಂಡಿದ್ದೇನೆ, ಪಶ್ಚಾತ್ತಾಪವಿಲ್ಲ.

ಬಾಟಲಿಯಲ್ಲಿರುವ ಸಾರೀಕೃತ ಆಮ್ಲದಿಂದ 1 ಮೋಲಾರ್ ದ್ರಾವಣ ಮಾಡಲು ಎಷ್ಟು ತೆಗೆದುಕೊಳ್ಳಬೇಕು?

ಮೋಲಾರ್ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತುವಿದೆ ಎಂದು ಹೇಳುವ ಸಾರತೆಯ ಅಳತೆ. ಲೆಕ್ಕ ಒಂದೇ: ಬೇಕಾದ ಸಾರತೆಯನ್ನು ಬೇಕಾದ ಗಾತ್ರದಿಂದ ಗುಣಿಸಿ, ಬಾಟಲಿಯಲ್ಲಿರುವ ಸಾರತೆಯಿಂದ ಭಾಗಿಸಬೇಕು. ಸಾಮಾನ್ಯವಾಗಿ ಸಿಗುವ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 37 ಶೇಕಡಾ ಇದ್ದು 12 ಮೋಲಾರ್ ಆಗಿರುತ್ತದೆ. 98 ಶೇಕಡಾ ಸಲ್ಫ್ಯೂರಿಕ್ ಆಮ್ಲ ಸುಮಾರು 18 ಮೋಲಾರ್. 70 ಶೇಕಡಾ ನೈಟ್ರಿಕ್ ಆಮ್ಲ ಸುಮಾರು 16 ಮೋಲಾರ್. ಆದ್ದರಿಂದ ಒಂದು ಲೀಟರ್ 1 ಮೋಲಾರ್ ದ್ರಾವಣಕ್ಕೆ ಅನುಕ್ರಮವಾಗಿ ಸುಮಾರು 83, 55 ಮತ್ತು 63 ಮಿ.ಲೀ. ಬೇಕು. ಬಾಟಲಿಯ ಮೇಲೆ ಬೇರೆ ಶೇಕಡಾ ಇದ್ದರೆ ಲೆಕ್ಕವೂ ಬದಲಾಗುತ್ತದೆ, ಆದ್ದರಿಂದ ಈ ಅಂಕಿಗಳನ್ನು ಬಾಯಿಪಾಠ ಮಾಡಿ ಬಾಟಲಿ ನೋಡದೆ ಇರಬೇಡಿ.

ಕ್ರಮ ಲೆಕ್ಕಕ್ಕಿಂತ ಮುಖ್ಯ. ಬಿಸಿ ತಾಳುವ ಗಾಜಿನ ಬೀಕರಿನಲ್ಲಿ ಬೇಕಾದ ನೀರಿನ ಬಹುಭಾಗವನ್ನು ಮೊದಲು ಹಾಕಿ, ಅದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಕಲಕುತ್ತಾ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ತಣಿದ ಮೇಲಷ್ಟೇ ಅಳತೆಯ ಫ್ಲಾಸ್ಕಿಗೆ ಸುರಿದು ಗೆರೆಯವರೆಗೆ ತುಂಬಬೇಕು. ಆಮ್ಲಕ್ಕೆ ನೀರು ಹಾಕಿದರೆ ಹಗುರವಾದ ನೀರು ಮೇಲೆಯೇ ನಿಂತು ಆ ಪದರದಲ್ಲೇ ಕುದಿದು ಆಮ್ಲವನ್ನು ಸಿಡಿಸುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಕೂಡ ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ: 1 ಮೋಲಾರ್ ದ್ರಾವಣಕ್ಕೆ ಲೀಟರಿಗೆ 40 ಗ್ರಾಂ ಬೇಕು, ಅದನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಹಾಕಿ.

ಯಾವ ದ್ರಾವಣವನ್ನು ತಿಂಗಳುಗಟ್ಟಲೆ ಇಡಬಹುದು, ಯಾವುದನ್ನು ಅಂದೇ ಮಾಡಬೇಕು?

ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಆಮ್ಲಗಳು, ತಾಮ್ರದ ಸಲ್ಫೇಟ್, ಸಾಮಾನ್ಯ ಲವಣಗಳ ದ್ರಾವಣಗಳು ಬಿಗಿ ಮುಚ್ಚಳದಲ್ಲಿ ಬಹುಕಾಲ ಉಳಿಯುತ್ತವೆ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸಾರತೆ ಕಳೆದುಕೊಳ್ಳುತ್ತದೆ, ಗಾಜಿನ ಬಿರಡೆಯನ್ನು ಕಚ್ಚಿಸಿಬಿಡುತ್ತದೆ, ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಸಿಲ್ವರ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಕಂದು ಬಾಟಲಿಯಲ್ಲಿರಬೇಕು. ಸುಣ್ಣದ ತಿಳಿನೀರನ್ನು ವಾರಕ್ಕೊಮ್ಮೆಯಾದರೂ ಊದಿ ಪರೀಕ್ಷಿಸಿ. ಬೆಳ್ಳಗಾಗದಿದ್ದರೆ ಅದು ಬರೀ ನೀರು. ಪಿಷ್ಟದ ದ್ರಾವಣ, ಕಬ್ಬಿಣದ ಫೆರಸ್ ಸಲ್ಫೇಟ್ ದ್ರಾವಣ, ಕಿಣ್ವಗಳ ದ್ರಾವಣ ಇವು ಅಂದಂದೇ. ಫೆರಸ್ ಸಲ್ಫೇಟಿಗೆ ತುಸು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಹಳದಿಗೆ ತಿರುಗುವುದು ನಿಧಾನವಾಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಬೆಳ್ಳಿಯ ಕನ್ನಡಿ ಮೂಡಿಸುವ ಟಾಲೆನ್ಸ್ ಕಾರಕ. ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾದ ಈ ಮಿಶ್ರಣವನ್ನು ಇಟ್ಟರೆ ಅದರಲ್ಲಿ ಸಿಡಿಯಬಲ್ಲ ಬೆಳ್ಳಿಯ ಸಂಯುಕ್ತ ಉಂಟಾಗುತ್ತದೆ. ತರಗತಿಗೆ ಸ್ವಲ್ಪ ಮುಂಚೆ ಬೇಕಾದಷ್ಟೇ ಮಾಡಿ, ಮುಗಿದ ಕೂಡಲೇ ಸಾರರಿಕ್ತ ಆಮ್ಲ ಹಾಕಿ ವಿಲೇವಾರಿ ಮಾಡಬೇಕು. ರಾತ್ರಿ ಉಳಿಸುವ ಮಾತೇ ಇಲ್ಲ.

ಬಾಟಲಿಯ ಲೇಬಲ್ಲಿನಲ್ಲಿ ಹೆಸರು ಬರೆದರೆ ಸಾಲದೇ?

ಸಾಲದು. ಹೆಸರು, ಸಾರತೆ, ತಯಾರಿಸಿದ ದಿನಾಂಕ, ಅಪಾಯದ ಚಿಹ್ನೆ ಮತ್ತು ತಯಾರಿಸಿದವರ ಸಹಿ ಇರಬೇಕು. ಪೆನ್ನಿನ ಶಾಯಿ ಆಮ್ಲದ ಹನಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ.

ಗಾಜಿನ ಮೇಲಿನ ಕಲೆ ಸೋಪಿಗೆ ಹೋಗುವುದಿಲ್ಲ, ಏನು ಮಾಡಲಿ?

ಕಲೆ ಯಾವುದೆಂದು ತಿಳಿದರೆ ಉಜ್ಜುವ ಕೆಲಸವೇ ಇಲ್ಲ. ಪರ್ಮಾಂಗನೇಟಿನ ಕಂದು ಕಲೆ ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಬಿಡುತ್ತದೆ, ಅಯೋಡಿನ್ ಕಲೆ ಸೋಡಿಯಂ ಥಯೋಸಲ್ಫೇಟಿಗೆ, ಬೆಳ್ಳಿಯ ಲೇಪ ಸಾರರಿಕ್ತ ನೈಟ್ರಿಕ್ ಆಮ್ಲಕ್ಕೆ, ಸುಣ್ಣದ ಬಿಳಿ ಪದರ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ. ಬ್ಯೂರೆಟ್‌ಗಳನ್ನು ತೊಳೆದು ತಲೆಕೆಳಗಾಗಿ, ನಲ್ಲಿ ತೆರೆದಿಟ್ಟು ಒಣಗಿಸಿ. ಅಳತೆಯ ಫ್ಲಾಸ್ಕುಗಳನ್ನು ಬಿಸಿ ಒಲೆಯಲ್ಲಿ ಒಣಗಿಸಬೇಡಿ. ಗಾಜು ಹಿಗ್ಗಿದರೆ ಗೆರೆಯ ಮೇಲಿನ ನಂಬಿಕೆ ಹೋಗುತ್ತದೆ.

ಸೂಕ್ಷ್ಮದರ್ಶಕಗಳು ವರ್ಷ ವರ್ಷವೂ ಕೆಡುತ್ತಿವೆ. ಯಾರ ತಪ್ಪು?

ಹೆಚ್ಚಿನ ಸಲ ಯಾರ ತಪ್ಪೂ ಅಲ್ಲ, ಅಭ್ಯಾಸದ ಕೊರತೆ. ಒಂದು ಕೈ ತೋಳಿನ ಮೇಲೆ, ಇನ್ನೊಂದು ಕೈ ಪೀಠದ ಕೆಳಗೆ ಇಟ್ಟು ನೇರವಾಗಿ ಒಯ್ಯಬೇಕು. ವಾಲಿಸಿದರೆ ಕಣ್ಣಿಟ್ಟು ನೋಡುವ ಮೇಲಿನ ಮಸೂರ ಜಾರಿ ಬೀಳುತ್ತದೆ. ಕಡಿಮೆ ಶಕ್ತಿಯ ಮಸೂರದಿಂದಲೇ ಆರಂಭಿಸಬೇಕು, ಹೆಚ್ಚಿನ ಶಕ್ತಿಗೆ ತಿರುಗಿಸಿದ ಮೇಲೆ ದೊಡ್ಡ ತಿರುಗುಗುಂಡಿಯನ್ನು ಮುಟ್ಟಬಾರದು. ಇದನ್ನು ವರ್ಷದ ಮೊದಲ ತರಗತಿಯಲ್ಲೇ ಪ್ರತಿಯೊಬ್ಬಳಿಂದಲೂ ಮಾಡಿಸಿದರೆ ಮುರಿಯುವ ಸ್ಲೈಡುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ.

## ಸುರಕ್ಷತೆ

ಉದ್ದ ಕೂದಲು, ಶಾಲು, ಉಗುರುಬಣ್ಣ, ಕಾಂಟ್ಯಾಕ್ಟ್ ಲೆನ್ಸ್ ಇವುಗಳ ಬಗ್ಗೆ ಎಷ್ಟು ಕಟ್ಟುನಿಟ್ಟಾಗಿರಬೇಕು?

ಕೂದಲು ಮತ್ತು ಜೋಲುವ ಬಟ್ಟೆಯ ವಿಷಯದಲ್ಲಿ ರಾಜಿಯಿಲ್ಲ. ಬರ್ನರಿನ ಗಾಳಿಕಿಂಡಿ ತೆರೆದಾಗಿನ ನೀಲಿ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಕಷ್ಟ. ಸ್ಪಿರಿಟ್ ದೀಪದ ಜ್ವಾಲೆಯೂ ಹಾಗೆಯೇ. ಬಾಗಿ ಓದುವ ಹುಡುಗಿಯ ಜಡೆ ಮುಂದಕ್ಕೆ ಜಾರಲು ಒಂದು ಕ್ಷಣ ಸಾಕು. ಜಡೆಯಿದ್ದರೂ ಅದನ್ನು ಹಿಂದೆ ಕಟ್ಟಿ ಕೋಟಿನ ಒಳಗೆ ಸೇರಿಸಬೇಕು. ಬಿಸಿ ಮಾಡದ ಹೊತ್ತಿನಲ್ಲಿ ಗಾಳಿಕಿಂಡಿ ಮುಚ್ಚಿ ಹಳದಿ ಜ್ವಾಲೆಯಲ್ಲಿಡುವುದು ಎಲ್ಲರ ಅಭ್ಯಾಸವಾಗಬೇಕು. ಬಾಗಿಲ ಬಳಿ ಹೇರ್‌ಬ್ಯಾಂಡುಗಳ ಒಂದು ಡಬ್ಬಿ ಇಡಿ. ಬೈಯುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಸಿಂಥೆಟಿಕ್ ಬಟ್ಟೆ ಉರಿದರೆ ಕರಗಿ ಚರ್ಮಕ್ಕೆ ಅಂಟುವುದರಿಂದ ಕೋಟು ಹತ್ತಿಯದ್ದೇ ಆಗಿರಲಿ. ಕೊರಳು, ತಲೆ ಮುಚ್ಚುವ ಬಟ್ಟೆ ಧರಿಸುವವರಿಗೆ ಅದರ ತುದಿಗಳನ್ನು ಕೋಟಿನೊಳಗೆ ಸೇರಿಸಿಕೊಳ್ಳಲು ಹೇಳಿದರೆ ಸಾಕು, ತೆಗೆಯಿಸುವ ಅಗತ್ಯ ಬರುವುದಿಲ್ಲ.

ಒಣಗಿದ ಉಗುರುಬಣ್ಣಕ್ಕೆ ತರಗತಿಯಿಂದ ಹೊರಗೆ ಕಳುಹಿಸುವುದು ಅತಿಯಾಯಿತೆಂದು ನನ್ನ ಅಭಿಪ್ರಾಯ. ಪ್ರಯೋಗಾಲಯದೊಳಗೆ ಹಚ್ಚುವುದು, ಅಳಿಸುವುದು ಮಾತ್ರ ಕೂಡದು, ಎರಡೂ ಬೆಂಕಿ ಹಿಡಿಯುವ ದ್ರವಗಳು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡವರು ಪ್ರಯೋಗ ಮಾಡಲೇಬಾರದೆಂಬುದು ಹಳೆಯ ಮಾತು. ಸರಿಯಾಗಿ ಕೂರುವ ರಕ್ಷಣಾ ಕನ್ನಡಕ ಮೇಲಿದ್ದರೆ ಸಾಕು, ಆದರೆ ಯಾರು ಲೆನ್ಸ್ ಧರಿಸಿದ್ದಾರೆಂದು ಶಿಕ್ಷಕರಿಗೂ ನಿಮಗೂ ತಿಳಿದಿರಬೇಕು.

ಕಣ್ಣಿಗೆ ಆಮ್ಲ ಅಥವಾ ಕ್ಷಾರ ಬಿದ್ದರೆ ಮೊದಲು ಏನು ಮಾಡಬೇಕು?

ನೀರು, ಕೂಡಲೇ ನೀರು. ರೆಪ್ಪೆಗಳನ್ನು ಬಿಡಿಸಿ ಹಿಡಿದು, ಮೆಲ್ಲಗೆ ಹರಿಯುವ ಶುದ್ಧ ನೀರಿನಲ್ಲಿ, ಗಡಿಯಾರ ನೋಡಿಕೊಂಡು ಕನಿಷ್ಠ 20 ನಿಮಿಷ ತೊಳೆಯಬೇಕು. ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ವಾಲಿಸಬೇಕು. ಲೆನ್ಸ್ ಇದ್ದರೆ ತೊಳೆಯುವುದನ್ನು ನಿಲ್ಲಿಸದೆ ತೆಗೆಯಬೇಕು. ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ ಎಂದು ಕಣ್ಣಿಗೆ ಏನನ್ನೂ ಹಾಕಬಾರದು. ಕ್ಷಾರದ ನೋವು ಮೊದಲಿಗೆ ಕಡಿಮೆ ಎನಿಸಬಹುದು, ಆದರೆ ಅದು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ‘ಈಗ ಉರಿಯುತ್ತಿಲ್ಲ’ ಎಂಬ ಮಾತನ್ನು ನಂಬದೆ ಪೂರ್ತಿ ತೊಳೆದು ವೈದ್ಯರಲ್ಲಿಗೆ ಕಳುಹಿಸಬೇಕು, ಜೊತೆಗೆ ರಾಸಾಯನಿಕದ ಹೆಸರನ್ನು ಬರೆದ ಚೀಟಿ ಇರಬೇಕು.

ಬಟ್ಟೆಯ ಮೇಲೆ ಆಮ್ಲ ಚೆಲ್ಲಿಕೊಂಡ ಹುಡುಗಿ ನಾಚಿಕೊಂಡು ಬಟ್ಟೆ ಬದಲಿಸಲು ಒಪ್ಪುವುದಿಲ್ಲ. ಆಗೇನು?

ಇದು ಬರೆಯಲು ಸಂಕೋಚವಾಗುವ, ಆದರೆ ಬರೆಯಲೇಬೇಕಾದ ಪ್ರಶ್ನೆ. ಆಮ್ಲ ನೆನೆದ ಬಟ್ಟೆ ಮೈಗೆ ಅಂಟಿಕೊಂಡಿರುವಷ್ಟು ಹೊತ್ತು ಸುಡುತ್ತಲೇ ಇರುತ್ತದೆ. ನೀರು ಸುರಿಯುತ್ತಲೇ ಬಟ್ಟೆಯನ್ನು ತೆಗೆಯಬೇಕು. ಸುತ್ತ ನಲವತ್ತು ಜನ ನೋಡುತ್ತಿರುವಾಗ ಯಾವ ಹುಡುಗಿಯೂ ಅದಕ್ಕೆ ಒಪ್ಪುವುದಿಲ್ಲ, ಒಪ್ಪದೆ ಕಳೆಯುವ ಪ್ರತಿ ನಿಮಿಷವೂ ಗಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಇದರ ಪರಿಹಾರ ಆ ಕ್ಷಣದಲ್ಲಿಲ್ಲ, ಮೊದಲೇ ಮಾಡಿಟ್ಟ ಏರ್ಪಾಟಿನಲ್ಲಿದೆ. ನೀರಿನ ವ್ಯವಸ್ಥೆಯಿರುವ ಜಾಗಕ್ಕೆ ಎಳೆಯಬಹುದಾದ ಒಂದು ಪರದೆ, ಎರಡು ಮೂರು ಅಳತೆಯ ಸಡಿಲ ನಿಲುವಂಗಿಗಳು, ಒಂದು ಹೊದಿಕೆ ಇವು ಯಾವಾಗಲೂ ಸಿದ್ಧವಿರಬೇಕು. ಉಳಿದ ವಿದ್ಯಾರ್ಥಿನಿಯರನ್ನು ಹೊರಗೆ ಕರೆದೊಯ್ಯುವವರು ಯಾರು, ಗಾಯಗೊಂಡವಳ ಜೊತೆ ನಿಲ್ಲುವ ಮಹಿಳಾ ಸಿಬ್ಬಂದಿ ಯಾರು ಎಂಬುದು ವರ್ಷದ ಆರಂಭದಲ್ಲೇ ನಿರ್ಧಾರವಾಗಿರಬೇಕು. ಹೀಗೊಂದು ಏರ್ಪಾಟು ಇದೆಯೆಂದು ವಿದ್ಯಾರ್ಥಿನಿಯರಿಗೂ ಮೊದಲ ತರಗತಿಯಲ್ಲೇ ತಿಳಿಸಿ. ಮುಟ್ಟಿನ ಕಲೆಯಾಗಿ ಗಾಬರಿಗೊಂಡ ಹುಡುಗಿಯರಿಗೂ ಅದೇ ನಿಲುವಂಗಿ ನೆರವಾದದ್ದುಂಟು.

ನಾನು ಗರ್ಭಿಣಿ. ಕೆಲಸ ಮುಂದುವರಿಸಬಹುದೇ?

ಬಹುತೇಕ ಕೆಲಸಗಳನ್ನು ಮುಂದುವರಿಸಬಹುದು, ಆದರೆ ಮೇಲಿನವರಿಗೆ ಆದಷ್ಟು ಬೇಗ ತಿಳಿಸಿ, ವೈದ್ಯರಿಗೆ ನೀವು ಬಳಸುವ ರಾಸಾಯನಿಕಗಳ ಪಟ್ಟಿ ತೋರಿಸಿ. ಸೀಸದ ಲವಣಗಳು, ಪಾದರಸ, ಟಾಲ್ವೀನ್‌ನಂಥ ದ್ರಾವಕಗಳು, ಬೋರಿಕ್ ಆಮ್ಲದ ಪುಡಿ, ಮಾದರಿಗಳನ್ನು ಕೆಡದಂತಿಡುವ ಫಾರ್ಮಾಲಿನ್ ಇವುಗಳ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ಭಾರ ಎತ್ತುವುದು, ಹೊತ್ತುಗಟ್ಟಲೆ ನಿಲ್ಲುವುದು ಕೂಡ ಈ ಪಟ್ಟಿಯಲ್ಲಿವೆ, ಅದನ್ನು ಜನ ಮರೆಯುತ್ತಾರೆ.

ನನಗಿಂತ ಮುಂಚಿನವರು ಬಿಟ್ಟುಹೋದ ಕಪಾಟಿನಲ್ಲಿ ಲೇಬಲ್ ಇಲ್ಲದ ಬಾಟಲಿಗಳಿವೆ. ಎಸೆದುಬಿಡಲೇ?

ಎಸೆಯಬೇಡಿ, ತೆರೆಯಬೇಡಿ, ಮೂಸಿ ನೋಡಬೇಡಿ. ಮೊದಲು ಮುಟ್ಟದೆ ಪಟ್ಟಿ ಮಾಡಿ. ಕೆಲವನ್ನು ಅಲುಗಿಸುವುದೂ ಅಪಾಯ: ಒಣಗಿದ ಪಿಕ್ರಿಕ್ ಆಮ್ಲ ಉಜ್ಜಾಟಕ್ಕೇ ಸಿಡಿಯಬಲ್ಲದು, ಹಳೆಯ ಈಥರಿನಲ್ಲಿ ಪೆರಾಕ್ಸೈಡುಗಳು ಕೂಡಿರಬಹುದು, ಎಣ್ಣೆಯೊಳಗಿದ್ದರೂ ಹಳದಿ ಪದರ ಕಟ್ಟಿದ ಪೊಟ್ಯಾಸಿಯಂ ಲೋಹವನ್ನು ಕತ್ತರಿಸಲು ಹೋಗಬಾರದು. ಇಂಥವು ಕಂಡರೆ ಕೋಣೆಗೆ ಬೀಗ ಹಾಕಿ, ಲಿಖಿತವಾಗಿ ತಿಳಿಸಿ, ಅಪಾಯಕಾರಿ ತ್ಯಾಜ್ಯದ ಪರಿಣತರನ್ನು ಕರೆಸಬೇಕು. ನಡುವೆ ಬಿಳಿಯ ಕಲ್ನಾರು (ಆಸ್ಬೆಸ್ಟಾಸ್) ಇರುವ ಹಳೆಯ ತಂತಿಬಲೆಗಳನ್ನು ಮುರಿಯದೆ, ಉಜ್ಜದೆ ಚೀಲದಲ್ಲಿ ಮುಚ್ಚಿಡಿ. ಈಗ ಸಿರಾಮಿಕ್ ನಡುವಿನವು ಸಿಗುತ್ತವೆ. ಪಾದರಸದ ಉಷ್ಣತಾಮಾಪಕಗಳನ್ನು ಬಳಕೆಯಿಂದ ತೆಗೆದು ಸ್ಪಿರಿಟಿನವನ್ನು ತರಿಸಿ. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದವನ್ನು 2013ರಲ್ಲೇ ಅಂಗೀಕರಿಸಲಾಗಿದೆ. ಒಡೆದು ಪಾದರಸ ಚೆಲ್ಲಿದರೆ ಕಿಟಕಿ ತೆರೆದು, ಹನಿಗಳನ್ನು ಕಾಗದದಿಂದ ಒಟ್ಟುಮಾಡಿ ಡ್ರಾಪರಿನಿಂದ ಎತ್ತಿ ಮುಚ್ಚಿದ ಬಾಟಲಿಯಲ್ಲಿಡಬೇಕು. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಅದು ಆವಿಯನ್ನು ಕೋಣೆಯೆಲ್ಲ ಹರಡುತ್ತದೆ.

ಮುಗಿದ ದ್ರಾವಣವನ್ನೆಲ್ಲ ಸಿಂಕಿಗೆ ಸುರಿಯಬಹುದೇ?

ಸಾರರಿಕ್ತ ಆಮ್ಲ, ಕ್ಷಾರಗಳನ್ನು ತಟಸ್ಥಗೊಳಿಸಿ ಹೆಚ್ಚು ನೀರಿನೊಂದಿಗೆ ಬಿಡಬಹುದು. ಬೆಳ್ಳಿ, ಸೀಸ, ಕ್ರೋಮಿಯಂ, ತಾಮ್ರದ ದ್ರಾವಣಗಳಿಗೆ ಮತ್ತು ಸಾವಯವ ದ್ರಾವಕಗಳಿಗೆ ಬೇರೆ ಬೇರೆ ಡಬ್ಬಿಗಳಿರಬೇಕು. ಶುಚಿಗೊಳಿಸುವ ಬ್ಲೀಚ್ ಯಾವ ಆಮ್ಲದೊಂದಿಗೂ ಸೇರಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ.

## ಅನುಭವಿಗಳ ಪ್ರಶ್ನೆಗಳು

ಎಲೆಯಲ್ಲಿ ಪಿಷ್ಟ ತೋರಿಸುವ ಪ್ರಯೋಗ ನನ್ನ ಕೈಯಲ್ಲಿ ಸರಿಯಾಗುತ್ತದೆ, ತರಗತಿಯಲ್ಲಿ ಕೈಕೊಡುತ್ತದೆ. ಏಕೆ?

ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಪ್ರಯೋಗ ಟೆಕ್ನಿಷಿಯನ್ನಿಗೆ ಮೂರು ದಿನದ ಕೆಲಸ. ಗಿಡವನ್ನು 24ರಿಂದ 48 ಗಂಟೆ ಕತ್ತಲೆಯಲ್ಲಿಟ್ಟರಷ್ಟೇ ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗುತ್ತದೆ. ಹಿಂದಿನ ಸಂಜೆ ಕಪಾಟಿನಲ್ಲಿಟ್ಟ ಗಿಡ ಮರುದಿನ ‘ಬೆಳಕಿಲ್ಲದೆಯೂ ಪಿಷ್ಟವಿದೆ’ ಎಂದು ತೋರಿಸಿ ಪಾಠವನ್ನೇ ತಲೆಕೆಳಗು ಮಾಡುತ್ತದೆ. ಆಮೇಲೆ ಬೆಳಕಿಗೆ ಇಡಲು ಹಲವು ಗಂಟೆ ಬೇಕು, ಮೋಡ ಕವಿದ ದಿನ ದೀಪದ ಆಸರೆ ಬೇಕು. ದಪ್ಪ, ಮೇಣದ ಹೊಳಪಿನ ಎಲೆಯೊಳಗೆ ಅಯೋಡಿನ್ ಇಳಿಯುವುದಿಲ್ಲ, ತೆಳು ಎಲೆ ಆರಿಸಿ. ಬಿಸಿ ಎಥನಾಲಿನಲ್ಲಿ ಪತ್ರಹರಿತ್ತು ಪೂರ್ತಿ ಹೋಗದಿದ್ದರೆ ನೀಲಿಗಪ್ಪು ಬಣ್ಣ ಹಸಿರಿನಲ್ಲಿ ಮುಚ್ಚಿಹೋಗುತ್ತದೆ. ನಿಮ್ಮ ಕೈಯಲ್ಲಿ ಸರಿಯಾಗುವುದು ಬಹುಶಃ ನಿಮಗೆ ಸಮಯವಿರುವುದರಿಂದ; ತರಗತಿಯ ಅವಧಿಯನ್ನೇ ಗಡಿಯಾರದಲ್ಲಿ ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ, ತೊಡಕು ಎಲ್ಲಿದೆಯೆಂದು ಗೊತ್ತಾಗುತ್ತದೆ.

ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಅದರ ಆವಿಗೆ ಬೆಂಕಿ ತಗಲುವುದು ಸುಲಭ. ಎಲೆಯನ್ನು ನೀರಿನಲ್ಲಿ ಬೇಯಿಸಿದ ಮೇಲೆ ಕೋಣೆಯ ಎಲ್ಲ ಬರ್ನರುಗಳನ್ನೂ ಆರಿಸಿಸಿ, ಎಥನಾಲಿನ ಪ್ರನಾಳವನ್ನು ಆ ಬಿಸಿನೀರಿನಲ್ಲೇ ನಿಲ್ಲಿಸಬೇಕು. ನಾನು ಎಥನಾಲನ್ನು ಮೇಜಿನ ಮೇಲೆ ಇಡುವುದೇ ಇಲ್ಲ; ಬರ್ನರ್ ಆರಿದ್ದನ್ನು ನೋಡಿದ ಮೇಲೆ ನಾನೇ ಹಂಚುತ್ತೇನೆ.

ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗ ಪ್ರೌಢಶಾಲೆಯಲ್ಲಿ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಇಲ್ಲಿ ಉತ್ಸಾಹಕ್ಕಿಂತ ಶಿಸ್ತು ಮುಂದಿರಬೇಕು. ಶೌಚಾಲಯದಿಂದ, ಬಾಯಿ ಮೂಗುಗಳಿಂದ ಮಾದರಿ ತೆಗೆಯಬಾರದು. ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ತಟ್ಟೆಗಳನ್ನು 37 ಡಿಗ್ರಿಯಲ್ಲಿ ಇಡಬಾರದು, ಅದು ಮನುಷ್ಯರ ಮೈಯಲ್ಲಿ ಬೆಳೆಯುವ ರೋಗಾಣುಗಳಿಗೆ ಹೇಳಿಮಾಡಿಸಿದ ಉಷ್ಣತೆ. 25 ಡಿಗ್ರಿ ದಾಟದಿರಲಿ. ಮುಚ್ಚಳಕ್ಕೆ ಎರಡು ಕಡೆ ಸಣ್ಣ ಟೇಪು ಸಾಕು, ಸುತ್ತಲೂ ಬಿಗಿದರೆ ಗಾಳಿಯಿಲ್ಲದೆ ಬೆಳೆಯುವ ಅಪಾಯಕಾರಿ ಜಾತಿಗಳಿಗೆ ಅವಕಾಶವಾಗುತ್ತದೆ. ನೀರಿನ ಹನಿ ಬೀಳದಂತೆ ತಟ್ಟೆಯನ್ನು ಬೋರಲು ಇಡಬೇಕು. ಬೆಳೆದ ಮೇಲೆ ಯಾರೂ ತೆರೆಯಬಾರದು, ಮುಚ್ಚಿದಂತೆಯೇ ನೋಡಿ, ಚಿತ್ರ ಬರೆದು ಮುಗಿಸಬೇಕು. ಕೊನೆಗೆ ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಬೇಯಿಸಿಯೇ ಎಸೆಯಬೇಕು.

ತಟ್ಟೆ ಹಂಚುವಾಗ ನಾನು ಹುಡುಗಿಯರಿಗೆ ಹೇಳುವ ಒಂದು ಸಂಗತಿಯಿದೆ. ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಬಿಸಿಗೆ ಕರಗಿ ಕೆಲಸ ಕೆಡಿಸುತ್ತಿದ್ದಾಗ, ಅದರ ಬದಲು ಕಡಲಕಳೆಯಿಂದ ತೆಗೆಯುವ ಅಗರ್ ಬಳಸಲು 1881ರಲ್ಲಿ ಸೂಚಿಸಿದವರು ಫ್ಯಾನಿ ಹೆಸ್ಸೆ. ಅವರು ಅಲ್ಲಿ ಸಂಶೋಧಕರಾಗಿದ್ದ ತಮ್ಮ ಪತಿಗೆ ಸಂಬಳವಿಲ್ಲದೆ ನೆರವಾಗುತ್ತಿದ್ದ ಸಹಾಯಕಿ, ಅಡುಗೆಮನೆಯಲ್ಲಿ ಅಗರ್ ಬಳಸಿ ಬಲ್ಲವರು. ತಟ್ಟೆಗೆ 1887ರಲ್ಲಿ ಅದನ್ನು ವಿವರಿಸಿದ ಜೂಲಿಯಸ್ ಪೆಟ್ರಿ ಅವರ ಹೆಸರು ಬಂತು. ಅಗರಿಗೆ ಯಾರ ಹೆಸರೂ ಬರಲಿಲ್ಲ.

ರಾಸಾಯನಿಕಕ್ಕೆ ಹಣವಿಲ್ಲ. ಶಿಕ್ಷಕರು ಒಬ್ಬರೇ ಮಾಡಿ ತೋರಿಸಿದರೆ ಸಾಲದೇ?

ಅಪಾಯಕಾರಿ ಪ್ರಯೋಗಕ್ಕೆ ಅದೇ ಸರಿ. ಉಳಿದವಕ್ಕೆ ಮೊದಲು ಪ್ರಮಾಣವನ್ನು ಕುಗ್ಗಿಸಿ ನೋಡಿ. ಪ್ರನಾಳದಲ್ಲಿ 5 ಮಿ.ಲೀ. ಬೇಕಾಗುವ ಅವಕ್ಷೇಪನ ಕ್ರಿಯೆ (ಎರಡು ದ್ರಾವಣ ಸೇರಿ ಕರಗದ ವಸ್ತು ಉಂಟಾಗುವುದು) ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಹನಿಗಳಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಹಾಳೆಯ ಕೆಳಗೆ ಹನಿ ಹಾಕುವ ಚೌಕಗಳ ಅಚ್ಚು ಇಟ್ಟರೆ ಒಬ್ಬಳೇ ಹುಡುಗಿ ಒಂದು ಪೀರಿಯಡ್ಡಿನಲ್ಲಿ ಹನ್ನೆರಡು ಪರೀಕ್ಷೆ ಮುಗಿಸುತ್ತಾಳೆ, ಒರೆಸಿದರೆ ಸ್ವಚ್ಛ. ತಾಮ್ರದ ಕ್ಲೋರೈಡಿನ ವಿದ್ಯುದ್ವಿಭಜನೆಯನ್ನು ಪೆಟ್ರಿ ತಟ್ಟೆಯಲ್ಲಿ ಮಾಡಿದರೆ ಹೊರಡುವ ಕ್ಲೋರಿನ್ ಕೂಡ ಅತ್ಯಲ್ಪ. ಹೀಗೆ ಉಳಿಸಿದ ರಾಸಾಯನಿಕವೇ ಎಲ್ಲರಿಗೂ ಒಂದೊಂದು ಸೆಟ್ ಆಗಿ ಮರಳುತ್ತದೆ.

ಪ್ರಾಯೋಗಿಕ ಪರೀಕ್ಷೆಗೆ ಎಷ್ಟು ದ್ರಾವಣ ಮಾಡಬೇಕು? ಪ್ರತಿ ವರ್ಷ ಕೊನೆಯಲ್ಲಿ ಸಾಲದೆ ಬರುತ್ತದೆ.

ಅನುಮಾಪನಕ್ಕೆ, ಅಂದರೆ ಬ್ಯೂರೆಟ್‌ನಿಂದ ಒಂದು ದ್ರಾವಣ ಬಿಟ್ಟು ಇನ್ನೊಂದರ ಸಾರತೆ ಕಂಡುಹಿಡಿಯುವುದಕ್ಕೆ, ನನ್ನ ಲೆಕ್ಕ ಹೀಗೆ: ಒಬ್ಬಳಿಗೆ ಒರಟು ಅಳತೆ ಒಂದು, ನಿಖರ ಅಳತೆ ಮೂರು, ತಲಾ 25 ಮಿ.ಲೀ.; ಬ್ಯೂರೆಟ್ ತೊಳೆಯಲು, ನಲ್ಲಿಯಲ್ಲಿ ಉಳಿಯಲು, ಚೆಲ್ಲಲು ಇನ್ನು 50 ಮಿ.ಲೀ. ಅಲ್ಲಿಗೆ 150 ಮಿ.ಲೀ. ಮೂವತ್ತು ಜನರಿಗೆ ನಾಲ್ಕೂವರೆ ಲೀಟರ್, ಕಾಲುಭಾಗ ಹೆಚ್ಚುವರಿ ಸೇರಿಸಿ ಸುಮಾರು 5.6 ಲೀಟರ್, ಆದ್ದರಿಂದ ಆರು ಲೀಟರ್ ಮಾಡಿ. ಮುಖ್ಯವಾದದ್ದೆಂದರೆ ಈ ಆರು ಲೀಟರನ್ನೂ ಒಂದೇ ದೊಡ್ಡ ಪಾತ್ರೆಯಲ್ಲಿ ಬೆರೆಸಿದ ಮೇಲೆಯೇ ಬಾಟಲಿಗಳಿಗೆ ತುಂಬಬೇಕು. ಒಂದೊಂದು ಲೀಟರನ್ನು ಬೇರೆ ಬೇರೆ ಮಾಡಿದರೆ ಒಂದು ಸಾಲಿನ ಹುಡುಗಿಯರಿಗೆ ಒಂದು ಉತ್ತರ, ಇನ್ನೊಂದು ಸಾಲಿಗೆ ಇನ್ನೊಂದು ಉತ್ತರ ಬಂದು, ತಪ್ಪಿಲ್ಲದವಳ ಅಂಕ ಹೋಗುತ್ತದೆ. ನೀವೇ ಮೂರು ಸಲ ಅನುಮಾಪನ ಮಾಡಿ, 0.1 ಮಿ.ಲೀ. ಒಳಗೆ ಹೊಂದುವ ಅಳತೆಗಳನ್ನು ಬರೆದು, ಲಕೋಟೆಯಲ್ಲಿ ಮುಚ್ಚಿ ಪರೀಕ್ಷಕರಿಗೆ ಕೊಡಿ. ಲವಣ ಗುರುತಿಸುವ ಪರೀಕ್ಷೆಗೆ ಯಾವ ಲವಣ ಇಟ್ಟಿದ್ದೀರೆಂಬುದು ನಿಮ್ಮ ಮುಖದಲ್ಲೂ ಕಾಣಬಾರದು.

ವಿದ್ಯಾರ್ಥಿನಿಯರು ಶಿಕ್ಷಕರನ್ನು ಬಿಟ್ಟು ನನ್ನನ್ನೇ ‘ಇದು ಸರಿಯಾ?’ ಎಂದು ಕೇಳುತ್ತಾರೆ. ಉತ್ತರ ಹೇಳಬಹುದೇ?

ಕೇಳುತ್ತಾರೆ, ಏಕೆಂದರೆ ನೀವು ಅಂಕ ಕೊಡುವವರಲ್ಲ. ಅಪಾಯದ ವಿಷಯವಾದರೆ ಕೂಡಲೇ ಹೇಳಿ. ಫಲಿತಾಂಶದ ವಿಷಯವಾದರೆ ‘ನಿನಗೆ ಏನು ಕಾಣಿಸಿತು?’ ಎಂದು ಮಾತ್ರ ಕೇಳಿ. ‘ನನ್ನ ಕೈಯಲ್ಲಿ ಆಗುವುದಿಲ್ಲ, ನೀವೇ ಮಾಡಿಕೊಡಿ’ ಎಂದು ಪ್ರನಾಳ ಚಾಚುವವಳಿಗೆ ಮಾಡಿಕೊಡುವುದು ದಯೆಯಂತೆ ಕಾಣುತ್ತದೆ, ಆದರೆ ಅವಳ ಮಾತನ್ನು ನೀವು ಒಪ್ಪಿದಂತಾಗುತ್ತದೆ. ಕಡ್ಡಿ ಗೀರಲು ಹೆದರುವವಳಿಗೆ ತರಗತಿ ಮುಗಿದ ಮೇಲೆ, ಗೆಳತಿಯರು ನೋಡದ ಹೊತ್ತಿನಲ್ಲಿ, ಶಿಕ್ಷಕಿಯ ಎದುರು ಹತ್ತು ಕಡ್ಡಿ ಗೀರಲು ಕೊಟ್ಟರೆ ಮುಂದಿನ ವಾರ ಬರ್ನರನ್ನು ಅವಳೇ ಹಚ್ಚುತ್ತಾಳೆ.

ಮುಂದಿನ ತಿಂಗಳು ನಿವೃತ್ತಿ. ಬರುವವರಿಗೆ ಏನು ಬಿಟ್ಟುಹೋಗಬೇಕು?

ದಾಸ್ತಾನು ಪುಸ್ತಕವನ್ನು ಎಲ್ಲರೂ ಬಿಟ್ಟುಹೋಗುತ್ತಾರೆ. ಅದರಲ್ಲಿ ಬಾಟಲಿಗಳ ಲೆಕ್ಕವಿರುತ್ತದೆ, ಕೆಲಸ ಇರುವುದಿಲ್ಲ. ನಿಮ್ಮ ತಯಾರಿ ಪುಸ್ತಕವನ್ನು ಬಿಟ್ಟುಹೋಗಿ: ಪ್ರತಿ ಪ್ರಯೋಗಕ್ಕೆ ಒಂದು ಪುಟ, ಬೇಕಾದ ಪ್ರಮಾಣ, ತಗಲುವ ನಿಜವಾದ ಸಮಯ, ಯಾವ ವರ್ಷ ಏನು ಕೈಕೊಟ್ಟಿತು, ಹೇಗೆ ಸರಿಹೋಯಿತು. ಕಪಾಟುಗಳ ನಕ್ಷೆ ಬರೆದು ಬಾಗಿಲ ಒಳಗೆ ಅಂಟಿಸಿ. ಹೆಸರು ತಿಳಿಯದ ಒಂದು ಬಾಟಲಿಯೂ ಉಳಿಯದಂತೆ ನೋಡಿಕೊಳ್ಳಿ. ಅನಿಲದ ಮುಖ್ಯ ಕವಾಟ ಮತ್ತು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಹೊಸಬರ ಕೈಯಿಂದಲೇ ಒಮ್ಮೆ ಮುಚ್ಚಿಸಿ, ತೆರೆಯಿಸಿ, ಕೀಲಿಗೊಂಚಲನ್ನು ಕೊಡುವಾಗ ಪ್ರತಿಯೊಂದನ್ನೂ ಅದರ ಬೀಗಕ್ಕೆ ಹಾಕಿ ತೋರಿಸಿ.